ಮೊದಲ ಸಲ ಪರದೇಶಕ್ಕೆ ಹೊರಟಿದ್ದೀರಾ?

ಅಕ್ಕಲಕೋಟ ತಾಲೂಕಿನ ಒಂದು ಊರು. ಅಲ್ಲಿಯ ಒಬ್ಬ ತಾಯಿಯ ಮಗ ದುಬೈದಲ್ಲಿ ಕೆಲಸ ಮಾಡುತ್ತಾನೆ. ಒಂದು ದಿನ ಅವನ ಫೋನ್ ಬಂತು.

"ಅವ್ವಾ, ಒಂದು ತಿಂಗಳ ಇಲ್ಲಿಗೆ ಬಾ. ಮೊಮ್ಮಗಳನ್ನ ನೋಡಿಕೊಂಡು ಹೋಗು."

"ಬರ್ತೀನೋ ಯಪ್ಪಾ. ಟಿಕೀಟ ತೆಗೆದರ ಸಾಕಲ್ಲ?"

"ಸಾಕಾಗೂದಿಲ್ಲವ್ವ. ಮೊದಲ ಪಾಸ್‌ಪೋರ್ಟ್ ಬೇಕು. ಆಮ್ಯಾಲ ವೀಸಾ ಬೇಕು."

ಪಾಸ್‌ಪೋರ್ಟ್ ಅಂದರೆ ಏನು? ವೀಸಾ ಅಂದರೆ ಏನು? ತಿಳಿದುಕೊಳ್ಳೋಣ.

ಪಾಸ್‌ಪೋರ್ಟ್

ಇದು ಒಂದು ಚಿಕ್ಕ ಪುಸ್ತಕ. ಇದನ್ನು ನಮ್ಮ ಭಾರತ ಸರಕಾರ ಕೊಡುತ್ತದೆ. 'ಇವರು ನಮ್ಮ ದೇಶದವರು' ಎಂದು ಇದು ಹೇಳುತ್ತದೆ. ದೊಡ್ಡವರಿಗೆ ಇದು 10 ವರ್ಷ ನಡೆಯುತ್ತದೆ. 36 ಪುಟದ ಪುಸ್ತಕಕ್ಕೆ 1,500 ರೂಪಾಯಿ ಶುಲ್ಕ. 60 ವರ್ಷ ದಾಟಿದವರು ಹೊಸದಾಗಿ ಮಾಡಿಸಿದರೆ ನೂರಕ್ಕೆ 10 ರೂಪಾಯಿ ಕಡಿಮೆ.

ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಬೇಕು. ಕೊಟ್ಟ ದಿನದಂದು ಮೂಲ ಕಾಗದಗಳನ್ನು ತೆಗೆದುಕೊಂಡು ಹೋಗಬೇಕು. ಸೋಲಾಪುರದಲ್ಲಿಯೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಅಲ್ಲಿ ಫೋಟೋ ಮತ್ತು ಬೆರಳಚ್ಚು ತೆಗೆಯುತ್ತಾರೆ. ಆಮೇಲೆ ಪೊಲೀಸರು ವಿಚಾರಣೆ ಮಾಡುತ್ತಾರೆ. ಅದಕ್ಕೆ ಬೇರೆ ಹಣ ಕೊಡಬೇಕಾಗಿಲ್ಲ. ಪುಸ್ತಕ ಪೋಸ್ಟಿನಲ್ಲಿ ಮನೆಗೇ ಬರುತ್ತದೆ.

ಹೆಸರು ಸರಿ ಇದೆಯೇ?

ನಮ್ಮ ಮನೆಯ ಮಾತು ಕನ್ನಡ. ನಮ್ಮ ಕಾಗದ ಮರಾಠಿ. ಪಾಸ್‌ಪೋರ್ಟಿನಲ್ಲಿ ಹೆಸರು ಬರೆಯುವುದು ಇಂಗ್ಲಿಷಿನಲ್ಲಿ. ಹೆಣ್ಣುಮಕ್ಕಳಿಗೆ ಇನ್ನೊಂದು ತೊಡಕು. ಒಂದು ಕಾಗದದಲ್ಲಿ ತವರುಮನೆ ಹೆಸರು, ಇನ್ನೊಂದರಲ್ಲಿ ಗಂಡನ ಮನೆ ಹೆಸರು. ಹೀಗಿದ್ದರೆ ಅರ್ಜಿ ನಿಲ್ಲುತ್ತದೆ. ಮೊದಲು ಎಲ್ಲ ಕಾಗದ ಎದುರಿಗೆ ಇಟ್ಟುಕೊಳ್ಳಿ. ಈಗ ನಿಮಗೆ ಓದು ಬಂದಿದೆ. ಒಂದೊಂದೇ ಅಕ್ಷರ ಕೂಡಿಸಿ ನೋಡಿ. ಹುಟ್ಟಿದ ತಾರೀಖು ಸಹ ನೋಡಿ. ಇಂಗ್ಲಿಷ್ ಬಾರದಿದ್ದರೆ ಶಾಲೆ ಕಲಿತ ಮಕ್ಕಳಿಂದ ಓದಿಸಿ. ತಪ್ಪು ಇದ್ದರೆ ಮೊದಲು ತಿದ್ದಿಸಿ.

ವೀಸಾ

ಪಾಸ್‌ಪೋರ್ಟ್ ನಮ್ಮ ದೇಶದ್ದು. ವೀಸಾ ಅವರ ದೇಶದ್ದು. 'ನಮ್ಮಲ್ಲಿಗೆ ಬನ್ನಿ, ಇಷ್ಟು ದಿನ ಇರಿ' ಎಂದು ಅವರು ಕೊಡುವ ಪರವಾನಗಿಯೇ ವೀಸಾ. ಆ ದಿನ ಮೀರಿ ಉಳಿದರೆ ದಂಡ ಬೀಳುತ್ತದೆ. ಬಹಳ ದೇಶಗಳು ಇನ್ನೊಂದು ಮಾತು ಕೇಳುತ್ತವೆ. ಪಾಸ್‌ಪೋರ್ಟಿನ ಅವಧಿ ಇನ್ನೂ 6 ತಿಂಗಳಾದರೂ ಉಳಿದಿರಬೇಕು.

ಅಲ್ಲಿ ಇಳಿದ ಮೇಲೆ ಅಧಿಕಾರಿಗಳು ಕೇಳುತ್ತಾರೆ: ಯಾಕೆ ಬಂದಿರಿ? ಎಲ್ಲಿ ಇರುತ್ತೀರಿ? ಯಾವಾಗ ಹೋಗುತ್ತೀರಿ? ಹೆದರಬೇಡಿ. ಇದ್ದದ್ದನ್ನೇ ಹೇಳಿ. ತಿರುಗಿ ಬರುವ ಟಿಕೀಟ, ಮಗನ ವಿಳಾಸ, ಫೋನ್ ನಂಬರ್ ಕೈಯಲ್ಲಿ ಇರಲಿ.

ನೇಪಾಳಕ್ಕೆ ಹೋಗಲು ನಮಗೆ ವೀಸಾ ಬೇಡ. ಕಾಠ್ಮಾಂಡುವಿನ ಪಶುಪತಿನಾಥನ ದರ್ಶನಕ್ಕೆ ನಮ್ಮ ಜನ ಹೋಗುತ್ತಾರೆ. ಅಲ್ಲಿ ಕರ್ನಾಟಕದ ಕಡೆಯ ಭಟ್ಟರು ಪೂಜೆ ಮಾಡುವುದು ಹಳೆಯ ರೂಢಿ. ಪಾಸ್‌ಪೋರ್ಟ್ ಇಲ್ಲದಿದ್ದರೆ ಚುನಾವಣಾ ಗುರುತಿನ ಚೀಟಿ ಒಯ್ಯಿರಿ.

ಮೋಸ ಹೋಗಬೇಡಿ

ಕೆಲವು ಏಜಂಟರು ಹೇಳುತ್ತಾರೆ: "ಪ್ರವಾಸದ ವೀಸಾ ಮ್ಯಾಲ ಹೋಗ್ರಿ. ಅಲ್ಲಿ ಕೆಲಸ ಕೊಡಸ್ತೀನಿ." ಇದನ್ನು ನಂಬಬೇಡಿ. ಪ್ರವಾಸದ ವೀಸಾ ನೋಡಿ ಬರಲಿಕ್ಕೆ ಮಾತ್ರ. ಅದರ ಮೇಲೆ ದುಡಿದರೆ ಅಪರಾಧ. ಅಲ್ಲಿ ಮಾಲೀಕ ಪಗಾರ ಕೊಡದಿದ್ದರೆ ಕೇಳುವ ಹಕ್ಕೂ ಕೈ ತಪ್ಪುತ್ತದೆ.

ಹತ್ತನೇ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ 'ಇ.ಸಿ.ಆರ್.' ಆಗಿರುತ್ತದೆ. ಅಂಥವರು ದುಬೈ, ಸೌದಿ, ಕುವೈತಿಗೆ ದುಡಿಯಲು ಹೋಗುವ ಮೊದಲು ನಮ್ಮ ಸರಕಾರದ ಒಪ್ಪಿಗೆ ಪಡೆಯಬೇಕು. ಇದು 1983ರ ಕಾಯದೆ. ಇದು ಇರುವುದು ನಮ್ಮ ರಕ್ಷಣೆಗೆ. ಮಗನನ್ನು ನೋಡಿ ಬರುವ ತಾಯಿಗೆ ಈ ಒಪ್ಪಿಗೆ ಬೇಡ.

ನೆನಪಿಡಿ: ಓದದೆ ಸಹಿ ಮಾಡಬೇಡಿ. ಪಾಸ್‌ಪೋರ್ಟನ್ನು ಯಾರ ಹತ್ತಿರವೂ ಒತ್ತೆ ಇಡಬೇಡಿ.

ಉತ್ತರ ಬರೆಯಿರಿ

1. ಪಾಸ್‌ಪೋರ್ಟ್ ಯಾರು ಕೊಡುತ್ತಾರೆ? ವೀಸಾ ಯಾರು ಕೊಡುತ್ತಾರೆ?
2. ನಿಮ್ಮ ಎಲ್ಲ ಕಾಗದಗಳಲ್ಲಿ ನಿಮ್ಮ ಹೆಸರು ಒಂದೇ ರೀತಿ ಇದೆಯೇ? ನೋಡಿ ಬರೆಯಿರಿ.