ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ಬೆಳವಣಿಗೆ: ಮೈಸೂರು ಸೀಮೆಯಿಂದ ಒಂದು ಅವಲೋಕನ

೨೦೨೩ನೆಯ ಇಸವಿ ಆಗಸ್ಟ್ ೨೩ರ ಸಂಜೆ ಚಂದ್ರಯಾನ-೩ರ ಇಳಿನೌಕೆಯು ಚಂದ್ರನ ದಕ್ಷಿಣ ಧ್ರುವಪ್ರದೇಶದ ಸಮೀಪದಲ್ಲಿ ನೆಲವನ್ನು ಮುಟ್ಟಿತು. ಅದನ್ನು ನಡೆಸಿದ ನಿಯಂತ್ರಣ ಕೇಂದ್ರವಿದ್ದುದು ಬೆಂಗಳೂರಿನಲ್ಲಿ. ಅದರೊಡನೆ ಸಂಪರ್ಕವಿರಿಸಿಕೊಂಡ ದೊಡ್ಡ ಆಂಟೆನಾಗಳಿರುವುದು ಬೆಂಗಳೂರಿಗೆ ಅನತಿದೂರದ ಬ್ಯಾಲಾಳು ಗ್ರಾಮದಲ್ಲಿ. ಇದಾದ ಕೆಲವು ದಿನಗಳ ಮೇಲೆ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬರು ನಮ್ಮನ್ನು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ. "ಬೆಂಗಳೂರಿನವರು ಚಂದ್ರನನ್ನು ಮುಟ್ಟಿದರು, ಸರಿ. ಆದರೆ ಮೂಗೂರಿಗೆ ಇದರಿಂದ ಬಂದುದೇನು?" ಎಂಬುದು ಆ ಪ್ರಶ್ನೆ. ಮೂಗೂರು ತಿರುಮಕೂಡಲು ನರಸೀಪುರ ತಾಲ್ಲೂಕಿನ ಗ್ರಾಮ. ತ್ರಿಪುರಸುಂದರಿಯ ದೇವಾಲಯಕ್ಕೂ ಜಾತ್ರೆಗೂ ಹೆಸರಾದುದು. ಪ್ರಶ್ನೆಯು ಕುಚೋದ್ಯದ್ದಲ್ಲ. ಬಡತನವನ್ನು ಇನ್ನೂ ದಾಟದ ರಾಷ್ಟ್ರವೊಂದು ಆಕಾಶಕ್ಕೆ ಹಣ ಹೂಡುವುದು ಯುಕ್ತವೇ ಎಂಬ ಹಳೆಯ ವಾದವೇ ಇಲ್ಲಿ ಊರಿನ ಹೆಸರು ಹೊತ್ತು ಬಂದಿದೆ. ಇತಿಹಾಸದ ಆಧಾರಗಳಿಂದ ಇದಕ್ಕೆ ಎಷ್ಟರಮಟ್ಟಿಗೆ ಉತ್ತರ ದೊರೆಯುವುದೆಂಬುದನ್ನು ಮುಂದೆ ವಿಚಾರಿಸಿದ್ದೇವೆ.

೧. ಮೂಲದ ಪ್ರಶ್ನೆ

ಮೈಸೂರಿನವರು ಈ ವಿಷಯವನ್ನು ಎತ್ತಿದೊಡನೆ ಹೈದರ್ ಮತ್ತು ಟಿಪ್ಪುವಿನ ಬಾಣಗಳನ್ನು ಸ್ಮರಿಸುವುದು ವಾಡಿಕೆ. ಆ ಬಾಣಗಳ ಮಹತ್ತ್ವವನ್ನು ಯಾರೂ ಅಲ್ಲಗಳೆಯಲಾರರು. ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬುತ್ತಿದ್ದುದರಿಂದ ಅವು ಕಾಗದದ ಅಥವಾ ಬಿದಿರಿನ ಕೊಳವೆಯ ಬಾಣಗಳಿಗಿಂತ ಹೆಚ್ಚಿನ ಒತ್ತಡವನ್ನು ತಾಳಿಕೊಂಡು, ಹೆಚ್ಚು ದೂರ ಹಾರುತ್ತಿದ್ದುವು. ೧೭೮೦ರ ಪೊಳ್ಳಿಲೂರು ಕದನದಲ್ಲಿ ಇಂಗ್ಲಿಷರು ಅವುಗಳ ಪೆಟ್ಟನ್ನು ಕಂಡರು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಅನೇಕ ಬಾಣಗಳು ಇಂಗ್ಲೆಂಡಿಗೆ ಹೋದುವು; ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತನು ನಿರ್ಮಿಸಿದ ರಾಕೆಟ್ಟುಗಳಿಗೆ ಇವು ಸ್ಫೂರ್ತಿಯಾದುವು. ೨೦೧೮ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರಿನ ಹಾಳು ಬಾವಿಯೊಂದರಲ್ಲಿ ಸಾವಿರಕ್ಕೂ ಮಿಕ್ಕು ಬಾಣದ ಕೊಳವೆಗಳು ದೊರೆತಿರುವುದು ಈ ವಿದ್ಯೆಯ ವ್ಯಾಪ್ತಿಗೆ ಹೊಸ ಸಾಕ್ಷ್ಯವನ್ನು ಒದಗಿಸಿದೆ.

ಆದರೂ ಹೆಮ್ಮೆ ಬೇರೆ, ಕಾರಣ ಬೇರೆ. ೧೭೯೯ಕ್ಕೂ ೧೯೬೩ಕ್ಕೂ ನಡುವೆ ಈ ನೆಲದಲ್ಲಿ ಬಾಣವಿದ್ಯೆಯ ಅವಿಚ್ಛಿನ್ನ ಪರಂಪರೆಯು ಕಂಡುಬರುವುದಿಲ್ಲ. ಶ್ರೀರಂಗಪಟ್ಟಣದಿಂದ ನೇರವಾಗಿ ಶ್ರೀಹರಿಕೋಟೆಗೆ ಗೆರೆಯೆಳೆದರೆ ಅದು ವಂಶಾವಳಿಯನ್ನು ಕಟ್ಟಿದಂತಾದೀತೇ ಹೊರತು ಇತಿಹಾಸವಾಗದು. ಮೈಸೂರು ಸೀಮೆಯ ನಿಜವಾದ ಕಾಣಿಕೆಯನ್ನು ಬೇರೆಡೆ ಅರಸಬೇಕು.

ಅದನ್ನು ನಮ್ಮ ಕಾವೇರಿಯ ದಡದಿಂದಲೇ ಆರಂಭಿಸಬಹುದು. ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡು, ತಲಕಾಡಿನ ಮರಳನ್ನು ಬಳಸಿ ಹರಿಯುವ ನದಿಯು ಶಿವನಸಮುದ್ರದಲ್ಲಿ ಧುಮುಕುತ್ತದೆ. ಅಲ್ಲಿ ೧೯೦೨ರಲ್ಲಿ ಜಲವಿದ್ಯುತ್ತಿನ ಉತ್ಪಾದನೆ ಆರಂಭವಾಯಿತು. ೧೯೦೫ರಲ್ಲಿ ಬೆಂಗಳೂರಿಗೆ ವಿದ್ಯುದ್ದೀಪಗಳು ಬಂದುವು. ಜಮ್‌ಷೆಡ್‌ಜಿ ಟಾಟಾರವರ ಸಂಕಲ್ಪದ ಭಾರತೀಯ ವಿಜ್ಞಾನ ಸಂಸ್ಥೆಗೆ ಮೈಸೂರು ಸಂಸ್ಥಾನವು ೩೭೧ ಎಕರೆ ಭೂಮಿಯನ್ನು ನೀಡಿತು. ೧೯೦೯ರಲ್ಲಿ ಆ ಸಂಸ್ಥೆ ಸ್ಥಾಪಿತವಾಯಿತು. ೧೯೪೦ರಲ್ಲಿ ಸಂಸ್ಥಾನದ ನೆರವಿನಿಂದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯೂ, ಸ್ವಾತಂತ್ರ್ಯಾನಂತರ ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸೂ ಬೆಂಗಳೂರಿನಲ್ಲಿ ನೆಲೆಗೊಂಡುವು. ವಿದ್ಯುತ್ತು, ಭೂಮಿ, ಕಾರ್ಖಾನೆ, ಕುಶಲ ಕೆಲಸಗಾರರು, ಸಂಶೋಧಕರು ಇವೆಲ್ಲವೂ ಒಂದೇ ಊರಿನಲ್ಲಿ ಅರ್ಧ ಶತಮಾನದಲ್ಲಿ ಕೂಡಿಬಂದುವು. ಬಾಣಗಳಿಗಿಂತ ಈ ಸಂಸ್ಥೆಗಳೇ ನಮ್ಮ ಬಾಹ್ಯಾಕಾಶ ಕಾರ್ಯಕ್ರಮಕ್ಕೆ ಹತ್ತಿರದ ಪೂರ್ವಿಕರು ಎಂಬುದು ನಮ್ಮ ಅಭಿಪ್ರಾಯ.

೨. ತುಂಬಾದಿಂದ ಬೆಂಗಳೂರಿಗೆ

ಕಾರ್ಯಕ್ರಮದ ಪ್ರವರ್ತಕರಾದ ವಿಕ್ರಂ ಸಾರಾಭಾಯಿಯವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದೇ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳನ್ನು ಅಭ್ಯಸಿಸಿದವರು. ಹೋಮಿ ಭಾಭಾ ಅವರೂ ಆಗ ಅಲ್ಲಿಯೇ ಇದ್ದರು. ೧೯೬೨ರಲ್ಲಿ ಸಾರಾಭಾಯಿಯವರ ಅಧ್ಯಕ್ಷತೆಯಲ್ಲಿ ಬಾಹ್ಯಾಕಾಶ ಸಂಶೋಧನೆಯ ರಾಷ್ಟ್ರೀಯ ಸಮಿತಿಯು ರಚಿತವಾಯಿತು. ಭೂಮಿಯ ಕಾಂತೀಯ ವಿಷುವದ್ರೇಖೆಯು ಕೇರಳದ ತುಂಬಾ ಎಂಬ ಮೀನುಗಾರರ ಹಳ್ಳಿಯ ಸಮೀಪದಲ್ಲಿ ಹಾದುಹೋಗುವುದರಿಂದ ಮೇಲಣ ವಾಯುಮಂಡಲದ ಅಭ್ಯಾಸಕ್ಕೆ ಆ ಸ್ಥಳವು ಪ್ರಶಸ್ತವಾಗಿತ್ತು. ಊರವರು ಬಿಟ್ಟುಕೊಟ್ಟ ಚರ್ಚಿನ ಕಟ್ಟಡವೇ ಕಚೇರಿಯಾಯಿತು. ೧೯೬೩ರ ನವೆಂಬರ್ ೨೧ರಂದು ಅಲ್ಲಿಂದ ಅಮೆರಿಕದ ರಾಕೆಟ್ಟೊಂದನ್ನು ಹಾರಿಸಲಾಯಿತು. ಆರಂಭವು ಎರವಲು ಸಾಮಗ್ರಿಯಿಂದಲೇ ಆಯಿತೆಂಬುದನ್ನು ಮರೆಯಬಾರದು.

೧೯೬೯ರ ಆಗಸ್ಟ್ ೧೫ರಂದು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಜನ್ಮತಾಳಿತು. ೧೯೭೧ರ ಡಿಸೆಂಬರ್ ಕೊನೆಯಲ್ಲಿ ಸಾರಾಭಾಯಿಯವರು ಅಕಾಲದಲ್ಲಿ ತೀರಿಕೊಂಡರು. ೧೯೭೨ರಲ್ಲಿ ಸರ್ಕಾರವು ಬಾಹ್ಯಾಕಾಶ ಆಯೋಗವನ್ನೂ ಇಲಾಖೆಯನ್ನೂ ಸ್ಥಾಪಿಸಿತು. ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಅವರು ಆ ಹುದ್ದೆಯಲ್ಲಿ ಮುಂದುವರಿಯುತ್ತಲೇ ಈ ಹೊಣೆಯನ್ನು ವಹಿಸಿಕೊಂಡರು. ಕಾರ್ಯಕ್ರಮದ ಕೇಂದ್ರಸ್ಥಾನವು ಬೆಂಗಳೂರಾಯಿತು.

ಉಡುಪಿಯ ಬಳಿಯ ಅದಮಾರಿನಲ್ಲಿ ಜನಿಸಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ನಮ್ಮ ಮೊದಲ ಉಪಗ್ರಹದ ನಿರ್ಮಾಣ ನಡೆಯಿತು. ೩೬೦ ಕಿಲೋಗ್ರಾಂ ತೂಕದ 'ಆರ್ಯಭಟ'ವು ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ರಾಕೆಟ್ಟಿನ ಮೂಲಕ ಕಕ್ಷೆಯನ್ನು ಸೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದುವು. ಆದರೆ ಉಪಗ್ರಹವನ್ನು ಹಿಂದೆಂದೂ ಕಟ್ಟದಿದ್ದ ತರುಣರು ಅದನ್ನು ಕಟ್ಟಲು ಕಲಿತಿದ್ದರು. ಆ ಕಲಿಕೆಯೇ ಮುಂದಿನ ಭಾಸ್ಕರ, ಆಪಲ್, ಇನ್ಸಾಟ್ ಮೊದಲಾದ ಉಪಗ್ರಹಗಳಿಗೆ ಬಂಡವಾಳವಾಯಿತು. ೧೯೮೧ರಲ್ಲಿ ಹಾರಿದ ಆಪಲ್ ಉಪಗ್ರಹವನ್ನು ಆಂಟೆನಾ ಪರೀಕ್ಷೆಗಾಗಿ ಎತ್ತಿನ ಗಾಡಿಯ ಮೇಲೆ ಇರಿಸಿದ್ದ ಚಿತ್ರವು ಪ್ರಸಿದ್ಧವಾದುದು. ಪರದೇಶದ ಪತ್ರಿಕೆಗಳಿಗೆ ಅದು ಬಡತನದ ಗುರುತಾಗಿ ಕಂಡಿರಬಹುದು. ವಾಸ್ತವದಲ್ಲಿ ಪರೀಕ್ಷೆಗೆ ಬೇಕಾಗಿದ್ದುದು ಲೋಹದ ಅಡ್ಡಿಯಿಲ್ಲದ ವಾಹನ. ಮರದ ಗಾಡಿಯು ಆ ಕೆಲಸಕ್ಕೆ ತಕ್ಕುದಾಗಿತ್ತು.

೩. ಸೋಲಿನ ಪಾಠ

ಬೆಳವಣಿಗೆಯ ಕಥೆಯನ್ನು ಗೆಲವುಗಳ ಪಟ್ಟಿಯಾಗಿ ಹೇಳುವುದು ಸುಲಭ; ಆದರೆ ಅದು ಸತ್ಯಕ್ಕೆ ದೂರ. ನಮ್ಮ ಮೊದಲ ಉಡಾವಣಾ ವಾಹನವು ೧೯೭೯ರ ಆಗಸ್ಟಿನಲ್ಲಿ ಸಮುದ್ರಕ್ಕೆ ಬಿದ್ದಿತು. ೧೯೮೦ರ ಜುಲೈ ೧೮ರಂದು ಅದೇ ಮಾದರಿಯ ವಾಹನವು ೩೫ ಕಿಲೋಗ್ರಾಂ ತೂಕದ ರೋಹಿಣಿಯನ್ನು ಕಕ್ಷೆಗೆ ಸೇರಿಸಿತು. ಮೊದಲ ಸೋಲಿನ ದಿನ ಪತ್ರಕರ್ತರೆದುರು ಹೊಣೆಯನ್ನು ತಾವೇ ಹೊತ್ತ ಧವನ್ ಅವರು, ಗೆದ್ದ ದಿನ ತಮ್ಮ ಸಹೋದ್ಯೋಗಿಗಳನ್ನು ಮುಂದೆ ಕಳುಹಿಸಿದರೆಂದು ಆ ಯೋಜನೆಯ ಮುಖ್ಯಸ್ಥರಾಗಿದ್ದ ಅಬ್ದುಲ್ ಕಲಾಂ ಅವರು ಹೇಳಿಕೊಂಡಿದ್ದಾರೆ. ೧೯೮೨ರ ಇನ್ಸಾಟ್-೧ಎ ಕೆಲವೇ ತಿಂಗಳುಗಳಲ್ಲಿ ನಿಷ್ಫಲವಾಯಿತು. ಧ್ರುವೀಯ ಉಪಗ್ರಹ ಉಡಾವಣಾ ವಾಹನವು ೧೯೯೩ರಲ್ಲಿ ಸೋತು ೧೯೯೪ರಲ್ಲಿ ಗೆದ್ದಿತು. ಅತಿಶೀತಲ ಎಂಜಿನ್ನಿನ ವಿದ್ಯೆಯನ್ನು ರಷ್ಯದಿಂದ ಪಡೆಯುವ ಒಪ್ಪಂದಕ್ಕೆ ೧೯೯೦ರ ದಶಕದ ಆರಂಭದಲ್ಲಿ ಅಮೆರಿಕದ ಅಡ್ಡಿ ಬಂದಿತು. ಸ್ವದೇಶೀ ಎಂಜಿನ್ನಿನೊಡನೆ ವಾಹನವು ಯಶಸ್ವಿಯಾದುದು ೨೦೧೪ರ ಜನವರಿಯಲ್ಲಿ. ಚಂದ್ರಯಾನ-೨ರ ಇಳಿನೌಕೆಯು ೨೦೧೯ರ ಸೆಪ್ಟೆಂಬರಿನಲ್ಲಿ ನೆಲಕ್ಕಪ್ಪಳಿಸದೆ ಇದ್ದಿದ್ದರೆ ಚಂದ್ರಯಾನ-೩ರ ಇಳಿನೌಕೆಗೆ ಅಷ್ಟು ಗಟ್ಟಿಯಾದ ಕಾಲುಗಳು ಬರುತ್ತಿದ್ದುವೋ ಇಲ್ಲವೋ. ಸೋಲನ್ನು ಮುಚ್ಚಿಡದೆ ಪರಿಶೀಲಿಸಿ, ಸೋತವರ ಕೈಗೇ ಮರಳಿ ಕೆಲಸವನ್ನು ಕೊಟ್ಟ ಸಂಪ್ರದಾಯವೇ ಈ ಸಂಸ್ಥೆಯ ದೊಡ್ಡ ಆಸ್ತಿ.

೪. ಹಳ್ಳಿಗೆ ಇಳಿದ ಉಪಗ್ರಹ

ಇನ್ನು ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಉಪಗ್ರಹವು ಹಳ್ಳಿಗೆ ಪ್ರಯೋಜನವಾಗಬೇಕೆಂಬುದು ಸಾರಾಭಾಯಿಯವರ ಮೂಲ ಉದ್ದೇಶ. ಅದರ ಮೊದಲ ದೊಡ್ಡ ಪರೀಕ್ಷೆಯು ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ನಡೆಯಿತು. ಭೂಮಧ್ಯರೇಖೆಯ ಮೇಲೆ ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹವು ಭೂಮಿಯೊಡನೆ ಸಮನಾಗಿ ಸುತ್ತುವುದರಿಂದ ನೆಲದಿಂದ ನೋಡುವವರಿಗೆ ಒಂದೇ ಕಡೆ ನಿಂತಂತೆ ತೋರುತ್ತದೆ; ಆದಕಾರಣ ಹಳ್ಳಿಯ ಆಂಟೆನಾವನ್ನು ಒಮ್ಮೆ ಅದರತ್ತ ತಿರುಗಿಸಿ ನಿಲ್ಲಿಸಿದರೆ ಸಾಕು. ಅಮೆರಿಕದ ಎಟಿಎಸ್-೬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಂಡು, ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಶಿಕ್ಷಣ, ಬೇಸಾಯ, ಆರೋಗ್ಯ ಕುರಿತ ಕಾರ್ಯಕ್ರಮಗಳನ್ನು ಪ್ರಸಾರಮಾಡಲಾಯಿತು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದುವು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಕೋಳಿಗೂಡಿನ ಬಲೆಯಂಥ ತಂತಿಬಲೆಯಿಂದ ಮಾಡಿದ, ಸುಮಾರು ೧೦ ಅಡಿ ಅಗಲದ ಆಂಟೆನಾದ ಕೆಳಗೆ ಊರಿಗೆ ಊರೇ ನೆರೆಯುತ್ತಿತ್ತು. ರಾಜಧಾನಿ ಬೆಂಗಳೂರಿಗೆ ದೂರದರ್ಶನ ಕೇಂದ್ರವು ಬಂದುದು ೧೯೮೧ರಲ್ಲಿ. ಗುಲ್ಬರ್ಗಕ್ಕೆ ೧೯೭೭ರಲ್ಲಿಯೇ ಬಂದಿತು. ಹಿಂದುಳಿದ ಸೀಮೆಯು ರಾಜಧಾನಿಗಿಂತ ಮುಂದಾದ ಇಂಥ ನಿದರ್ಶನಗಳು ವಿರಳ.

ನಮ್ಮ ಸೀಮೆಯ ನಿದರ್ಶನಗಳು ಇನ್ನೂ ಸಮೀಪದವು. ೨೦೦೨ರಲ್ಲಿ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೂ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ, ಮೈಸೂರು ಜಿಲ್ಲೆಯ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಉಪಗ್ರಹದ ಮೂಲಕ ಸಂಪರ್ಕ ಏರ್ಪಟ್ಟಿತು. ಎದೆನೋವಿನ ರೋಗಿಯ ಹೃದಯವಿದ್ಯುತ್ ರೇಖೆಯನ್ನು ಇಲ್ಲಿಂದ ಕಳುಹಿಸಿದರೆ ಅಲ್ಲಿನ ತಜ್ಞರು ನೋಡಿ, ಸ್ಥಳೀಯ ವೈದ್ಯರಿಗೆ ಚಿಕಿತ್ಸೆಯನ್ನು ಸೂಚಿಸಬಹುದಾಯಿತು. ಕಾಡಂಚಿನ ಊರಿನವರಿಗೆ ಇದು ಪ್ರಾಣದ ಪ್ರಶ್ನೆ. ೨೦೦೪ರ ಸೆಪ್ಟೆಂಬರ್ ೨೦ರಂದು ಹಾರಿದ, ಶಿಕ್ಷಣಕ್ಕಾಗಿಯೇ ಮೀಸಲಾದ ಎಜುಸ್ಯಾಟ್ ಉಪಗ್ರಹದ ಪಾಠಗಳು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳನ್ನು ತಲುಪಿದುವು. ೧೯೯೭ರವರೆಗೆ ಆ ಜಿಲ್ಲೆಯು ಮೈಸೂರು ಜಿಲ್ಲೆಯ ಭಾಗವೇ ಆಗಿತ್ತು. ಮೂಗೂರಿಗೆ ಅದರ ಗಡಿಯು ದೂರವಲ್ಲ. ದೂರಸಂವೇದಿ ಉಪಗ್ರಹಗಳ ಚಿತ್ರಗಳಲ್ಲಿ ಕಲ್ಲಿನ ಬಿರುಕು, ಕಣಿವೆ, ಮಣ್ಣಿನ ಸ್ವರೂಪಗಳನ್ನು ಗುರುತಿಸಿ ಅಂತರ್ಜಲದ ನಕ್ಷೆಗಳನ್ನು ಸಿದ್ಧಪಡಿಸಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕೊಳವೆಬಾವಿಗೆ ಸಾಲ ಮಾಡುವ ರೈತನಿಗೆ ಒಣಬಾವಿಯ ಭಯವು ಎಂಥದೆಂಬುದನ್ನು ಬಲ್ಲವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

೫. ಒಂದು ಎಚ್ಚರಿಕೆ

ಇಷ್ಟರಿಂದ ಪ್ರಶ್ನೆಯು ತೀರಿತೆಂದು ಹೇಳಲಾರೆವು. ೧೯೭೬ರಲ್ಲಿ ಎಟಿಎಸ್-೬ನ್ನು ಅಮೆರಿಕವು ಹಿಂದಕ್ಕೆ ಕರೆದುಕೊಂಡಿತು. ಅನೇಕ ಹಳ್ಳಿಗಳ ಪೆಟ್ಟಿಗೆಗಳು ಕುರುಡಾದುವು. ಎಜುಸ್ಯಾಟ್ ೨೦೧೦ರಲ್ಲಿ ನಿವೃತ್ತವಾಯಿತು. ಮೇಲೆ ಎಷ್ಟೇ ಸಮರ್ಥವಾದ ಉಪಗ್ರಹವಿರಲಿ, ಕೆಳಗೆ ಅದನ್ನು ಬಳಸುವ ಶಿಕ್ಷಕ, ರಿಪೇರಿ ಮಾಡುವ ಮೆಕ್ಯಾನಿಕ್ಕು, ನಿರಂತರ ವಿದ್ಯುತ್ತು, ಬಾಗಿಲು ತೆರೆದ ಆಸ್ಪತ್ರೆ ಇವಿಲ್ಲವಾದರೆ ಅದರ ಫಲವು ನೆಲಕ್ಕೆ ಇಳಿಯದು. ಇಲ್ಲಿ ಶಿವನಸಮುದ್ರದ ಪ್ರಸಂಗವು ಮತ್ತೆ ನೆನಪಿಗೆ ಬರುತ್ತದೆ. ನಮ್ಮ ಹೊಳೆಯ ನೀರಿನಿಂದ ಹುಟ್ಟಿದ ವಿದ್ಯುತ್ತು ಮೊಟ್ಟಮೊದಲು ಹೋದುದು ದೂರದ ಕೋಲಾರದ ಚಿನ್ನದ ಗಣಿಗಳಿಗೆ. ದಡದ ಹಳ್ಳಿಗಳು ಕಾಯಬೇಕಾಯಿತು. ಉತ್ಪಾದನೆಯೇ ವಿತರಣೆಯಲ್ಲ. ಒಂದು ವಿದ್ಯೆಯು ದೇಶದಲ್ಲಿ ಹುಟ್ಟುವುದಕ್ಕೂ ಜನರಿಗೆ ದಕ್ಕುವುದಕ್ಕೂ ನಡುವೆ ದೀರ್ಘವಾದ ಕಾಲಾವಧಿಯಿದೆ; ಆ ಅವಧಿಯನ್ನು ಕಿರಿದುಗೊಳಿಸುವುದು ವಿಜ್ಞಾನಿಗಳೊಬ್ಬರ ಕೆಲಸವಲ್ಲ, ಆಡಳಿತದ ಮತ್ತು ನಮ್ಮಂಥ ಶಿಕ್ಷಕರ ಕೆಲಸವೂ ಹೌದು.

೬. ನಮ್ಮ ಕರ್ತವ್ಯ

ಈ ದೃಷ್ಟಿಯಿಂದ ಇತಿಹಾಸ ವಿಭಾಗಗಳು ಕೈಗೊಳ್ಳಬಹುದಾದ ಒಂದು ಕೆಲಸವನ್ನು ಸೂಚಿಸಿ ಲೇಖನವನ್ನು ಮುಗಿಸುತ್ತೇವೆ. ಬಿ. ಎಲ್. ರೈಸ್ ಅವರು ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೂರನೆಯ ಸಂಪುಟದಲ್ಲಿ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳಿವೆ. ಭೂದಾನದ ಶಾಸನಗಳು ಊರು, ಕೆರೆ, ಹಳ್ಳ, ಗಡಿಕಲ್ಲುಗಳನ್ನು ಹೆಸರಿಸುವುದು ರೂಢಿ. ಇಸ್ರೋ ೨೦೦೯ರಲ್ಲಿ ಆರಂಭಿಸಿದ 'ಭುವನ್' ಎಂಬ ನಕ್ಷೆಯ ಸೇವೆಯಿಂದ ಇದೇ ನೆಲದ ಉಪಗ್ರಹಚಿತ್ರಗಳನ್ನು ಯಾವ ಕಾಲೇಜಿನಲ್ಲಾದರೂ ಕುಳಿತು ನೋಡಬಹುದು. ಶಾಸನದ ಕೆರೆ ಇಂದು ಎಲ್ಲಿದೆ, ಯಾವುದು ಗದ್ದೆಯಾಗಿದೆ, ಯಾವುದು ಹೂಳು ತುಂಬಿದೆ, ತಲಕಾಡಿನ ಬಳಿ ನದಿಯ ಹಳೆಯ ಪಾತ್ರವು ಎಲ್ಲಿ ಸರಿದಿದೆ ಎಂಬುದನ್ನು ವಿದ್ಯಾರ್ಥಿಗಳು ಶಾಸನವನ್ನೂ ಚಿತ್ರವನ್ನೂ ಎದುರಿಟ್ಟುಕೊಂಡು ಗುರುತಿಸಲಿ. ಅನಂತರ ಆ ಸ್ಥಳಕ್ಕೆ ನಡೆದುಹೋಗಿ ಊರ ಹಿರಿಯರನ್ನು ವಿಚಾರಿಸಲಿ. ಹೂಳು ತುಂಬಿದ ಒಂದು ಕೆರೆಯಾದರೂ ಹೀಗೆ ಪತ್ತೆಯಾಗಿ, ಗ್ರಾಮ ಪಂಚಾಯಿತಿಯು ಅದನ್ನು ತೆಗೆಸುವಂತಾದರೆ, ಮೂಗೂರಿಗೆ ಬಂದುದೇನು ಎಂದು ಕೇಳಿದ ವಿದ್ಯಾರ್ಥಿಗೆ ನಾವು ಕೊಡಬೇಕಾದ ಉತ್ತರದ ಒಂದು ಭಾಗವನ್ನು ಅವರೇ ಬರೆದಂತಾಗುವುದು.