ಜಾಲತಾಣಕ್ಕೆ ಜಾಗ ಹಿಡಿಯುವ ಮುನ್ನ ದಾರಿ ನೋಡಿ

ಜಮೀನು ಕೊಳ್ಳುವಾಗ ನೀವು ಮಣ್ಣನ್ನಷ್ಟೇ ನೋಡುವುದಿಲ್ಲ, ಗಾಡಿ ದಾರಿಯನ್ನೂ ವಿಚಾರಿಸುತ್ತೀರಿ. ಇಂದು ಅನೇಕ ರೈತ ಉತ್ಪಾದಕ ಕಂಪನಿಗಳು ತಮ್ಮ ಮಾಲನ್ನು ಸ್ವಂತ ಜಾಲತಾಣದಲ್ಲಿ ಮಾರುತ್ತಿವೆ. ಜಾಲತಾಣಕ್ಕೆ ಸರ್ವರಿನಲ್ಲಿ ಜಾಗವನ್ನು ಬಾಡಿಗೆಗೆ ಕೊಡುವುದು ಹೋಸ್ಟಿಂಗ್ ಕಂಪನಿ. ಇಲ್ಲಿಯೂ ದಾರಿ ಮುಖ್ಯ. ಮಾವಿನ ಸುಗ್ಗಿಯಲ್ಲಿ ಪುಟ ತೆರೆಯದೆ ಗ್ರಾಹಕರು ಹಿಂದಿರುಗಿದರೆ, ಹಣ್ಣು ಕಾಯುವುದಿಲ್ಲ.

ದೂರ: ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಬೆಂಗಳೂರಿನಿಂದ ಮುಂಬಯಿಗೆ ನೇರ ದೂರ ಸುಮಾರು 850 ಕಿ.ಮೀ.; ಹೋಗಿ ಬರಲು ಕನಿಷ್ಠ ಸುಮಾರು 8.5 ಮಿಲಿಸೆಕೆಂಡು ಬೇಕು. ನ್ಯೂಯಾರ್ಕಿಗಾದರೆ 130ಕ್ಕೂ ಹೆಚ್ಚು. ದಾರಿ ಬಳಸಾದಷ್ಟೂ ಕಾಲ ಹೆಚ್ಚುತ್ತದೆ. ಗ್ರಾಹಕರು ಇಲ್ಲಿಯವರಾದರೆ ಸರ್ವರ್ ಭಾರತದಲ್ಲಿರುವುದು ಲೇಸು.

ಅಳೆಯುವ ಕ್ರಮ: ಕಂಪನಿಯಿಂದ ಪರೀಕ್ಷಾ ವಿಳಾಸ ಕೇಳಿ ಪಡೆಯಿರಿ. ಕಂಪ್ಯೂಟರಿನ 'ಪಿಂಗ್' ಆಜ್ಞೆಯಿಂದ ಹೋಗಿ ಬರುವ ಕಾಲವೂ, ನಡುವೆ ಕಳೆದುಹೋಗುವ ಪ್ರಮಾಣವೂ ತಿಳಿಯುತ್ತವೆ. ನಾಲ್ಕು ಸಲ ಸಾಲದು, ನೂರು ಸಲ ಕಳುಹಿಸಿ. ಬೆಳಿಗ್ಗೆ ಒಮ್ಮೆ, ಬಳಕೆ ಹೆಚ್ಚಿರುವ ರಾತ್ರಿ ಒಮ್ಮೆ, ಬೇರೆ ಬೇರೆ ಕಂಪನಿಯ ಸಂಪರ್ಕಗಳಿಂದ ನೋಡಿ ಬರೆದಿಡಿ.

'ಟ್ರೇಸ್‌ರೂಟ್' ಆಜ್ಞೆ ದಾರಿಯ ಒಂದೊಂದೇ ತಂಗುದಾಣವನ್ನು ತೋರಿಸುತ್ತದೆ. ಮಧ್ಯೆ ನಕ್ಷತ್ರ ಚಿಹ್ನೆ ಬಂದರೆ ಗಾಬರಿ ಬೇಡ. ಕೆಲವು ತಂಗುದಾಣಗಳು ಉತ್ತರ ಕೊಡುವುದಿಲ್ಲ. ಕೊನೆಯ ಸಾಲನ್ನು ಗಮನಿಸಿ. ದೇಶದೊಳಗಿನ ಸರ್ವರಿಗೂ ಕಾಲ ಅತಿಯಾಗಿ ಹೆಚ್ಚಿದ್ದರೆ, ಮಾಹಿತಿ ವಿದೇಶ ಸುತ್ತಿ ಬರುತ್ತಿರಬಹುದು. ಇದನ್ನು ತಪ್ಪಿಸಲೆಂದೇ 2003ರಲ್ಲಿ 'ನಿಕ್ಸಿ' ಎಂಬ ದೇಶೀಯ ವಿನಿಮಯ ಕೇಂದ್ರ ಸ್ಥಾಪನೆಯಾಯಿತು. ಇಂಥ ಕೇಂದ್ರದೊಡನೆ ಸಂಪರ್ಕವಿದೆಯೇ ಎಂದು ಕೇಳಿ.

ಎರಡನೆಯ ದಾರಿ: 2008ರ ಜನವರಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದಡಿಯ ಕೇಬಲುಗಳು ತುಂಡಾದಾಗ ಭಾರತದಲ್ಲೂ ಅಂತರ್ಜಾಲ ಕುಂಟಿತು. ಬೇರೆ ದಾರಿಯಿದ್ದವರು ಬೇಗ ಚೇತರಿಸಿಕೊಂಡರು. ಆದ್ದರಿಂದ ಕಂಪನಿಗೆ ಕನಿಷ್ಠ ಎರಡು ಸಂಪರ್ಕ ಮೂಲಗಳಿರಬೇಕು. ಎರಡೂ ಕೇಬಲು ಒಂದೇ ಗುಂಡಿಯಲ್ಲಿ ಹಾದುಬಂದಿದ್ದರೆ ಪ್ರಯೋಜನವಿಲ್ಲ. ಒಂದೇ ಜೆಸಿಬಿ ಎರಡನ್ನೂ ಕಡಿದೀತು.

ಮೊದಲಿಗೇ ವರ್ಷದ ಹಣ ಕಟ್ಟಬೇಡಿ. ಒಂದು ತಿಂಗಳು ಪರೀಕ್ಷಿಸಿ, ಅಂಕಿಗಳನ್ನು ಹೋಲಿಸಿ, ಸುಗ್ಗಿಗೆ ಮುಂಚೆಯೇ ನಿರ್ಧರಿಸಿ. ಬಿತ್ತುವ ಮುನ್ನ ಬೀಜದ ಮೊಳಕೆ ಪರೀಕ್ಷಿಸುವವರಿಗೆ ಇದು ಹೊಸ ಮಾತಲ್ಲ.