ಹೊಗೆಯ ಹಿಂದಿರುವ ರುಚಿ: ಎಳೆಯ ಮಾಲ್ಟ್ ವಿಸ್ಕಿ ಕಲಿಸುವ ದಾಸ್ತಾನಿನ ಪಾಠ

ಸರಕನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು, ಯಾವಾಗ ಮಾರಬೇಕು ಎಂಬುದು ವ್ಯಾಪಾರದಷ್ಟೇ ಹಳೆಯ ಪ್ರಶ್ನೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಡಿಕೆ ವರ್ತಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಂಗಳೂರು ಪೇಟೆಯಲ್ಲಿ ಹೊಸ ಚಾಲಿಗೆ ಒಂದು ಧಾರಣೆಯಾದರೆ, ಹಳೆಯದಾದ ಸಿಂಗಲ್ ಚೋಲ್‌ಗೆ ಮತ್ತೊಂದು, ಡಬಲ್ ಚೋಲ್‌ಗೆ ಇನ್ನೊಂದು. ಹಳೆಯದಕ್ಕೆ ಬೆಲೆ ಹೆಚ್ಚು ನಿಜ. ಆದರೆ ಇಟ್ಟ ಅವಧಿಯ ಬಡ್ಡಿ, ಗೋದಾಮಿನ ಬಾಡಿಗೆ, ತೂಕದ ಇಳಿಕೆ, ಹುಳುವಿನ ಭಯ ಇವೆಲ್ಲವನ್ನೂ ಕಳೆದ ಬಳಿಕ ಕೈಗೆ ಉಳಿಯುವುದೆಷ್ಟು ಎಂಬುದೇ ನಿಜವಾದ ಲೆಕ್ಕ.

ಶರಾವತಿ ಹಿನ್ನೀರಿನಾಚೆಯ ಬ್ಯಾಕೋಡು, ತುಮರಿ ಭಾಗದ ವ್ಯಾಪಾರಸ್ಥರು ಕಾಯುವಿಕೆಯ ಬೆಲೆಯನ್ನು ಬೇರೆ ರೀತಿಯಲ್ಲಿಯೂ ಬಲ್ಲರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ನಂತರ ಹಲವು ದಶಕಗಳ ಕಾಲ ಅಲ್ಲಿನ ಜನರೂ ಸರಕೂ ಸಾಗರಕ್ಕೆ ಬರಲು ಲಾಂಚನ್ನೇ ನೆಚ್ಚಬೇಕಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಗೊಂಡದ್ದು 2025ರ ಜುಲೈ 14ರಂದು. ಹೀಗೆ ಕಾಲಕ್ಕೂ ಒಂದು ಖರ್ಚಿದೆ ಎಂಬುದನ್ನು ಅನುಭವದಿಂದ ಅರಿತ ನಮ್ಮ ಸದಸ್ಯ ಬಾಂಧವರಿಗೆ, ನಮ್ಮದೇ ರಾಜ್ಯದ ರಾಜಧಾನಿಯಲ್ಲಿ ತಯಾರಾಗಿ ಜಗತ್ತಿನ ಮಾರುಕಟ್ಟೆಗೆ ಹೋದ ಒಂದು ಸರಕಿನ ಕಥೆ ಉಪಯುಕ್ತವಾದೀತು. ಆ ಸರಕು ಮದ್ಯ. ಮದ್ಯಪಾನಕ್ಕೆ ಪ್ರೋತ್ಸಾಹ ನೀಡುವುದು ಈ ಲೇಖನದ ಉದ್ದೇಶವಲ್ಲ. ಎಳೆಯ ಸರಕನ್ನು ಪರೀಕ್ಷಿಸುವ ಮತ್ತು ಮಾರುವ ಕ್ರಮವನ್ನು ತಿಳಿಯುವುದಷ್ಟೇ ಇಲ್ಲಿನ ಆಶಯ.

ಬೆಂಗಳೂರಿನಿಂದ ಗ್ಲಾಸ್ಗೋಗೆ

ಅಮೃತ್ ಡಿಸ್ಟಿಲರೀಸ್ ಸಂಸ್ಥೆಯನ್ನು 1948ರಲ್ಲಿ ಬೆಂಗಳೂರಿನಲ್ಲಿ ಜೆ. ಎನ್. ರಾಧಾಕೃಷ್ಣ ಜಗದಾಳೆ ಅವರು ಸ್ಥಾಪಿಸಿದರು. ಮುಂದೆ ಅವರ ಪುತ್ರ ನೀಲಕಂಠ ಜಗದಾಳೆ ಅವರ ಕಾಲದಲ್ಲಿ, ಬೇರೆ ಮದ್ಯದೊಡನೆ ಮಿಶ್ರಣ ಮಾಡಲೆಂದು ಮೊಳಕೆ ಬರಿಸಿದ ಬಾರ್ಲಿಯಿಂದ ಮಾಲ್ಟ್ ವಿಸ್ಕಿಯನ್ನು ತಯಾರಿಸಿ ಓಕ್ ಮರದ ಪೀಪಾಯಿಗಳಲ್ಲಿ ಸಂಗ್ರಹಿಸಲಾಗುತ್ತಿತ್ತು. ಅದನ್ನು ಮಿಶ್ರಣ ಮಾಡದೆ, ಸಿಂಗಲ್ ಮಾಲ್ಟ್ ಎಂದೇ ಮಾರಬಹುದೇ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಮೂರನೆಯ ತಲೆಮಾರಿನ ರಕ್ಷಿತ್ ಜಗದಾಳೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಅಲ್ಲಿನ ಮಾರುಕಟ್ಟೆಯ ಅಧ್ಯಯನವನ್ನೇ ಅವರು ತಮ್ಮ ಪ್ರೌಢಪ್ರಬಂಧದ ವಿಷಯವಾಗಿಸಿಕೊಂಡರು.

2004ರ ಆಗಸ್ಟ್‌ನಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಬಿಡುಗಡೆಯಾಯಿತು. ವಿಸ್ಕಿಯ ತವರಿನಲ್ಲಿಯೇ ವಿಸ್ಕಿ ಮಾರಲು ಹೊರಟ ಸಾಹಸವಿದು. ಹೆಸರು ಹೇಳಿ ಮಾರುವುದು ಕಷ್ಟವಾಗಿತ್ತು. ಹೆಸರು ಮುಚ್ಚಿ ರುಚಿ ತೋರಿಸಿದರೆ ಮೆಚ್ಚುಗೆ ದೊರೆಯುತ್ತಿತ್ತು. ಐದಾರು ವರ್ಷಗಳ ಬಳಿಕ ಫಲ ಕಂಡಿತು. ಭಾರತದ ಬಾರ್ಲಿ ಮುಕ್ಕಾಲು ಪಾಲು, ಹೊಗೆ ಹಿಡಿಸಿದ ಸ್ಕಾಟ್ಲೆಂಡಿನ ಬಾರ್ಲಿ ಕಾಲು ಪಾಲು ಸೇರಿಸಿ ತಯಾರಿಸಿದ 'ಅಮೃತ್ ಫ್ಯೂಷನ್'ಗೆ ಪ್ರಸಿದ್ಧ ವಿಮರ್ಶಕ ಜಿಮ್ ಮರ್‍ರೆ ತಮ್ಮ 2010ರ ವಿಸ್ಕಿ ಕೈಪಿಡಿಯಲ್ಲಿ 100ಕ್ಕೆ 97 ಅಂಕಗಳನ್ನು ನೀಡಿ, ಜಗತ್ತಿನ ಮೂರನೆಯ ಸ್ಥಾನದಲ್ಲಿರಿಸಿದರು. ಬೆಂಗಳೂರಿನ ಗ್ರಾಹಕರಿಗೆ ಈ ಸಿಂಗಲ್ ಮಾಲ್ಟ್ ದೊರೆತದ್ದು ಅನಂತರವೇ, 2010ರಲ್ಲಿ.

ದೇವತೆಗಳ ಪಾಲು

ಸ್ಕಾಟ್ಲೆಂಡಿನ ಕಾನೂನಿನಂತೆ ಬಟ್ಟಿ ಇಳಿಸಿದ ಮದ್ಯ ಕನಿಷ್ಠ ಮೂರು ವರ್ಷ ಓಕ್ ಪೀಪಾಯಿಯಲ್ಲಿ ಕಳೆದ ಬಳಿಕವೇ ಸ್ಕಾಚ್ ವಿಸ್ಕಿ ಎನಿಸಿಕೊಳ್ಳುತ್ತದೆ. ಅಲ್ಲಿ ಹತ್ತು, ಹನ್ನೆರಡು ವರ್ಷ ಇಡುವುದು ಸಾಮಾನ್ಯ. ಪೀಪಾಯಿಯ ಮರದ ರಂಧ್ರಗಳ ಮೂಲಕ ಮದ್ಯ ಸ್ವಲ್ಪಸ್ವಲ್ಪವಾಗಿ ಆವಿಯಾಗುತ್ತಲೇ ಇರುತ್ತದೆ. ಇದನ್ನು ಅವರು 'ದೇವತೆಗಳ ಪಾಲು' ಎನ್ನುತ್ತಾರೆ. ಸ್ಕಾಟ್ಲೆಂಡಿನ ತಂಪಿನಲ್ಲಿ ಈ ನಷ್ಟ ವರ್ಷಕ್ಕೆ ಸುಮಾರು ಶೇ. 2, ಬೆಂಗಳೂರಿನ ಹವೆಯಲ್ಲಿ ಶೇ. 10ರಿಂದ 12.

ನಷ್ಟವನ್ನು ಶೇ. 11 ಎಂದಿಟ್ಟುಕೊಂಡು ಲೆಕ್ಕ ಹಾಕೋಣ. 200 ಲೀಟರಿನ ಪೀಪಾಯಿಯಲ್ಲಿ ಐದು ವರ್ಷಗಳ ನಂತರ ಬೆಂಗಳೂರಿನಲ್ಲಿ ಉಳಿಯುವುದು ಸುಮಾರು 112 ಲೀಟರ್. ಸ್ಕಾಟ್ಲೆಂಡಿನಲ್ಲಿ 181 ಲೀಟರ್. ಹನ್ನೆರಡು ವರ್ಷ ಇಟ್ಟರೆ ಇಲ್ಲಿ 49 ಲೀಟರ್, ಅಲ್ಲಿ 157 ಲೀಟರ್. ಹನ್ನೆರಡು ವರ್ಷದ ಮುದ್ರೆಯ ಆಸೆಗೆ ಬಿದ್ದರೆ ನಮ್ಮ ತಯಾರಕನ ಮುಕ್ಕಾಲು ಪಾಲು ಬಂಡವಾಳ ಗಾಳಿಗೆ ಹೋಗುತ್ತದೆ.

ಆದರೆ ಅದೇ ಬಿಸಿಲು ಇನ್ನೊಂದು ಕೈಯಿಂದ ಕೊಡುತ್ತದೆ. ಉಷ್ಣತೆಯಿಂದ ಮದ್ಯ ಮರದೊಳಕ್ಕೆ ಬೇಗ ಇಳಿದು ಬೇಗ ಹೊರಬರುವುದರಿಂದ ಬಣ್ಣ, ಪರಿಮಳ, ಸಿಹಿಯ ಅಂಶ ಶೀಘ್ರವಾಗಿ ಸೇರುತ್ತವೆ. ಬೆಂಗಳೂರಿನ ಒಂದು ವರ್ಷ ಅಲ್ಲಿನ ಸುಮಾರು ಮೂರು ವರ್ಷಕ್ಕೆ ಸಮ ಎಂಬುದು ತಯಾರಕರ ಅಂದಾಜು. ಆದ್ದರಿಂದಲೇ ನಾಲ್ಕೈದು ವರ್ಷದ ಮದ್ಯ ಮಾರುಕಟ್ಟೆಗೆ ಯೋಗ್ಯವಾಗುತ್ತದೆ. 2013ರಲ್ಲಿ ಎಂಟು ವರ್ಷದ ದಾಸ್ತಾನನ್ನು ಅತ್ಯಲ್ಪ ಸಂಖ್ಯೆಯ ಬಾಟಲಿಗಳಲ್ಲಿ ಹೊರತಂದಾಗ ಸಂಸ್ಥೆ ಅದಕ್ಕೆ ಇಟ್ಟ ಹೆಸರು 'ಗ್ರೀಡಿ ಏಂಜೆಲ್ಸ್', ಅಂದರೆ ದುರಾಸೆಯ ದೇವತೆಗಳು. ನಷ್ಟವನ್ನು ಮುಚ್ಚಿಡದೆ ಅದನ್ನೇ ಹೆಸರಾಗಿಸಿ ಮಾರಿದ ಜಾಣ್ಮೆ ಗಮನಾರ್ಹ.

ಹೊಗೆ ಬೇಡದ ಏಲಕ್ಕಿ, ಹೊಗೆ ಬೇಕಾದ ಬಾರ್ಲಿ

ಮಲೆನಾಡಿನಲ್ಲಿ ಏಲಕ್ಕಿ ಒಣಗಿಸುವ ಗೂಡಿನಲ್ಲಿ ಬಿಸಿಯನ್ನು ಕೊಳವೆಯ ಮೂಲಕ ಹಾಯಿಸುವುದು ಕಾಯಿಗೆ ಹೊಗೆ ತಾಗದಿರಲೆಂದು. ಹೊಗೆ ಹಿಡಿದರೆ ಹಸಿರು ಬಣ್ಣವೂ ಪರಿಮಳವೂ ಕೆಟ್ಟು ಧಾರಣೆ ಬೀಳುತ್ತದೆ. ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ ಇದಕ್ಕೆ ವಿರುದ್ಧ. ಜೌಗುನೆಲದಲ್ಲಿ ಸಾವಿರಾರು ವರ್ಷ ಅರೆಕೊಳೆತು ಒತ್ತಿಕೊಂಡ ಸಸ್ಯಾವಶೇಷವೇ ಪೀಟ್. ಅದರ ಹೆಂಟೆಗಳನ್ನು ಉರಿಸಿ, ಮೊಳಕೆ ಬಂದ ಹಸಿ ಬಾರ್ಲಿಯ ಮೇಲೆ ಬೇಕೆಂದೇ ಹೊಗೆ ಹಾಯಿಸುತ್ತಾರೆ. ಹೊಗೆಯಲ್ಲಿನ ಫಿನಾಲ್ ವರ್ಗದ ಅಂಶಗಳು ಕಾಳಿಗೆ ಅಂಟಿಕೊಳ್ಳುತ್ತವೆ. ಇದನ್ನು ಹತ್ತು ಲಕ್ಷ ಭಾಗಕ್ಕೆ ಎಷ್ಟು ಭಾಗ ಎಂದು ಅಳೆಯುತ್ತಾರೆ. ಈ ಅಳತೆ ಕಾಳಿನದ್ದೇ ಹೊರತು ಬಾಟಲಿಯಲ್ಲಿರುವ ಮದ್ಯದ್ದಲ್ಲ. ತಯಾರಿಕೆಯ ಹಂತಗಳಲ್ಲಿ ಅದರ ಬಹುಭಾಗ ಕಳೆದುಹೋಗುತ್ತದೆ. ಅಮೃತ್ ಸಂಸ್ಥೆಯ ಹೊಗೆಯ ಮಾಲ್ಟ್‌ಗೂ ಇಂತಹ ಬಾರ್ಲಿ ಸ್ಕಾಟ್ಲೆಂಡಿನಿಂದಲೇ ಬರುತ್ತದೆ.

ಹೊಗೆಯ ಗುಣ ಎಳೆಯ ಮದ್ಯದಲ್ಲಿಯೇ ಅತ್ಯಂತ ಪ್ರಖರ. ಪೀಪಾಯಿಯಲ್ಲಿ ವರ್ಷ ಕಳೆದಂತೆ ಅದು ಮೃದುವಾಗುತ್ತದೆ. ಐಲಾದ ಬ್ರೂಕ್‌ಲ್ಯಾಡಿ ಕಂಪನಿ 2008ರಲ್ಲಿ 'ಆಕ್ಟಮೋರ್' ಎಂಬ ಕೇವಲ ಐದು ವರ್ಷದ, ಅಳತೆಯಲ್ಲಿ 131 ಭಾಗ ಹೊಗೆಯ ಮಾಲ್ಟನ್ನು ಬಿಡುಗಡೆ ಮಾಡಿತು. ಎಳೆತನವನ್ನು ಕೊರತೆ ಎನ್ನದೆ ಗುಣವೆಂದೇ ಮಾರಿದ ಉದಾಹರಣೆ ಇದು.

ಕಾಲಕಾಲಕ್ಕೆ ರುಚಿ ನೋಡುವುದು

ಇಂತಹ ಮದ್ಯದ ಬಾಟಲಿಯನ್ನು ಒಂದೇ ಸಲ ರುಚಿ ನೋಡಿ ತೀರ್ಪು ಕೊಟ್ಟರೆ ತಪ್ಪಾಗುವುದೇ ಹೆಚ್ಚು. ತೆರೆದ ಕೂಡಲೇ ಮೂಗಿಗೆ ಬರುವುದು ಬೂದಿ, ಡಾಂಬರು, ಆಸ್ಪತ್ರೆಯ ಔಷಧಿಯಂತಹ ವಾಸನೆ. ನಾಲಿಗೆಗೆ ಖಾರದಂತಹ ಉರಿ. ಲೋಟದಲ್ಲಿ ಅರ್ಧ ಗಂಟೆ ಬಿಟ್ಟರೆ ಉರಿ ತಗ್ಗಿ, ಬೆಂದ ಧಾನ್ಯದ ಸಿಹಿ, ನಿಂಬೆಸಿಪ್ಪೆ, ಓಕ್ ಮರದಿಂದ ಬಂದ ವೆನಿಲಾದ ಪರಿಮಳ ಒಂದೊಂದಾಗಿ ತೋರುತ್ತವೆ. ಕೆಲವು ಹನಿ ನೀರು ಬೆರೆಸಿದರೆ ಮತ್ತೊಂದು ಬದಲಾವಣೆ. ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾನಿಲಯದ ಸಂಶೋಧಕರು 2017ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ಇದಕ್ಕೆ ಒಂದು ಕಾರಣ ತೋರಿಸಿದರು. ಮದ್ಯಸಾರದ ಪ್ರಮಾಣ ಹೆಚ್ಚಿದ್ದಾಗ ಹೊಗೆಯ ಪರಿಮಳ ನೀಡುವ ಗ್ವಾಯಕಾಲ್ ಎಂಬ ಅಂಶ ದ್ರವದ ಒಳಗೆ ಉಳಿಯುತ್ತದೆ; ನೀರು ಸೇರಿ ಪ್ರಮಾಣ ಶೇ. 45ರ ಆಸುಪಾಸಿಗೆ ಇಳಿದಾಗ ಅದು ಮೇಲ್ಮೈಗೆ ಬರುತ್ತದೆ.

ಬಾಟಲಿ ತೆರೆದು ಕೆಲವು ವಾರ ಕಳೆದಾಗ, ಒಳಗೆ ಗಾಳಿ ಸೇರಿ ಚೂಪು ಮತ್ತಷ್ಟು ಕಡಿಮೆಯಾಗುತ್ತದೆ. ಹಲವು ತಿಂಗಳ ಬಳಿಕ, ಅದರಲ್ಲೂ ಬಾಟಲಿಯಲ್ಲಿ ಕಾಲು ಭಾಗ ಮಾತ್ರ ಉಳಿದಿದ್ದರೆ, ಹೊಗೆಯೇ ಮಂಕಾಗುತ್ತದೆ. ಆಗ ಹೊಗೆಯ ಹಿಂದಿದ್ದ ಮದ್ಯ ಒಳ್ಳೆಯದೇ, ಅಥವಾ ಹೊಗೆ ಅದರ ಹುಳುಕನ್ನು ಮುಚ್ಚಿತ್ತೇ ಎಂಬುದು ಬಯಲಾಗುತ್ತದೆ. ಹೊಗೆ ಹೋದಮೇಲೂ ರುಚಿ ಉಳಿದರೆ ಅದು ಒಳ್ಳೆಯ ಸರಕು.

ಈ ಪರೀಕ್ಷೆಯನ್ನು ಗ್ರಾಹಕರ ಕೈಗೇ ಕೊಟ್ಟ ಕಂಪನಿಯೊಂದಿದೆ. ಐಲಾದ ಆರ್ಡ್‌ಬೆಗ್ ಭಟ್ಟಿಯನ್ನು 1997ರಲ್ಲಿ ಗ್ಲೆನ್‌ಮೋರಂಜಿ ಕಂಪನಿ ಖರೀದಿಸಿ ಮತ್ತೆ ನಡೆಸತೊಡಗಿತು. 1998ರಲ್ಲಿ ಬಟ್ಟಿ ಇಳಿಸಿದ ಮಾಲ್ಟನ್ನು ಹತ್ತು ವರ್ಷ ತುಂಬುವವರೆಗೆ ಅಡಗಿಸಿಡದೆ, 2004ರಲ್ಲಿ 'ತೀರಾ ಎಳೆಯದು', 2006ರಲ್ಲಿ 'ಇನ್ನೂ ಎಳೆಯದು', 2007ರಲ್ಲಿ 'ಹೆಚ್ಚುಕಡಿಮೆ ಬಂದಾಯಿತು' ಎಂಬರ್ಥದ ಹೆಸರುಗಳಲ್ಲಿ ಸ್ವಲ್ಪಸ್ವಲ್ಪವೇ ಮಾರಿ, 2008ರಲ್ಲಿ ಹತ್ತು ವರ್ಷದ್ದನ್ನು ಹೊರತಂದಿತು. ಕಟ್ಟಿಬಿದ್ದ ಬಂಡವಾಳದಲ್ಲಿ ಅಷ್ಟಿಷ್ಟು ಮರಳಿತು. ಗ್ರಾಹಕನಿಗೂ ಸರಕು ಮಾಗುವುದನ್ನು ವರ್ಷವರ್ಷವೂ ಕಾಣುವ ಅವಕಾಶ ದೊರೆಯಿತು.

ನಮಗೆ ಅನ್ವಯಿಸುವುದೇನು?

ಮೊದಲನೆಯದಾಗಿ, ದಾಸ್ತಾನಿನ ಅವಧಿಯನ್ನು ಬೇರೆ ಊರಿನ ವಾಡಿಕೆಯಿಂದ ನಿರ್ಧರಿಸಬಾರದು. ನಮ್ಮ ಮಳೆ, ನಮ್ಮ ತೇವ, ನಮ್ಮ ಬಡ್ಡಿದರ ಇವುಗಳಿಂದ ಲೆಕ್ಕ ಹಾಕಬೇಕು. ಎರಡನೆಯದಾಗಿ, ಪ್ರತಿ ದಾಸ್ತಾನಿನಿಂದ ಮಾದರಿ ತೆಗೆದು, ದಿನಾಂಕ ಬರೆದು, ತಿಂಗಳಿಗೊಮ್ಮೆ ತೂಕ, ಬಣ್ಣ, ವಾಸನೆ ನೋಡಿ ದಾಖಲಿಸಬೇಕು. ಅಡಿಕೆ, ಕಾಳುಮೆಣಸು, ಜೇನು, ಉಪ್ಪಿನಕಾಯಿ ಯಾವುದಕ್ಕೂ ಇದು ಹೊಂದುತ್ತದೆ. ಹೀಗೆ ಎರಡು ಮೂರು ವರ್ಷಗಳ ದಾಖಲೆ ಕೈಯಲ್ಲಿದ್ದರೆ, ಮಾರುವ ಕಾಲವನ್ನು ಊಹೆಗೆ ಬಿಡಬೇಕಾಗಿಲ್ಲ. ಮೂರನೆಯದಾಗಿ, ಎಳೆಯ ಸರಕನ್ನು ಹಳೆಯದೆಂದು ಹೇಳಿ ಮಾರುವ ಅಗತ್ಯವಿಲ್ಲ. ಎಳೆಯದೆಂದೇ ಹೇಳಿ, ಅದರ ಗುಣವನ್ನು ತೋರಿಸಿ ಮಾರಿದರೆ ಬೆಲೆ ಕೊಡುವ ಗ್ರಾಹಕರಿದ್ದಾರೆ.

ವಯಸ್ಸು ಚೀಟಿಯ ಮೇಲಿನ ಅಂಕಿ ಮಾತ್ರ. ಪಾಕ ಬಂದಿದೆಯೇ ಇಲ್ಲವೇ ಎಂಬುದನ್ನು ಹೇಳುವುದು ನಾಲಿಗೆ, ಮೂಗು ಮತ್ತು ಲೆಕ್ಕದ ಪುಸ್ತಕ. ಈ ಮೂರನ್ನೂ ಒಟ್ಟಿಗೆ ಬಳಸುವ ವರ್ತಕನಿಗೆ ಕಾಯುವುದೂ ಲಾಭವೇ, ಬೇಗ ಮಾರುವುದೂ ಲಾಭವೇ.